ಎಂಟು ಜನರ ರಾತ್ರಿ ಊಟ: ಕೊನೆಯ ಅರ್ಧ ಗಂಟೆಯಿಂದ ಹಿಂದಕ್ಕೆ ಕಟ್ಟಿದ ಮೆನು

ಎರಡು ಬರ್ನರ್‌ನ ಒಲೆ, ಎರಡು ಟ್ರೇ ಹಿಡಿಸುವ ಓವನ್, ಅಡುಗೆಗೆ ನಾನೊಬ್ಬಳೇ. ರಾತ್ರಿ 8 ಗಂಟೆಗೆ ಎಂಟು ಜನ ಊಟಕ್ಕೆ ಕೂರಬೇಕು, ಆ ಎಂಟರಲ್ಲಿ ನಾನೂ ಸೇರಿರಬೇಕು. ಬಂದವರು ಹರಟೆ ಹೊಡೆಯುವಾಗ ನಾನು ಒಲೆ ಮುಂದೆ ಬೆವರುತ್ತಾ ನಿಂತಿರಬಾರದು. ಈ ಸಲ ನಾನು ಹಾಕಿಕೊಂಡ ಷರತ್ತು ಇಷ್ಟೇ.

ಮನೆಗೆ ಜನ ಬರುತ್ತಾರೆ ಅಂದ ಕೂಡಲೇ ಇದು ಮಾಡೋಣ, ಅದೂ ಮಾಡೋಣ ಅಂತ ಪಟ್ಟಿ ಬೆಳೆಯುತ್ತೆ. ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಸುಲಭವೇ. ಆದರೆ ಎಲ್ಲವೂ ಕೊನೆ ಗಳಿಗೆಯಲ್ಲಿ ಬಿಸಿಬಿಸಿಯಾಗಿ ಇಳಿಯಬೇಕು ಅಂದರೆ ಎರಡು ಬರ್ನರ್ ಎಲ್ಲಿ ಸಾಕಾಗುತ್ತೆ? ಹಾಗಾಗಿ ಮೊದಲು ಏಳೂವರೆಯಿಂದ ಎಂಟರವರೆಗಿನ ಅರ್ಧ ಗಂಟೆಯನ್ನು ಕಾಗದದ ಮೇಲೆ ಬರೆದುಕೊಂಡೆ. ಎಡಗಡೆ ಬರ್ನರ್, ಬಲಗಡೆ ಬರ್ನರ್, ಓವನ್, ನನ್ನ ಕೈ, ಹೀಗೆ ನಾಲ್ಕು ಸಾಲು. ಅಲ್ಲಿ ಜಾಗ ಸಿಕ್ಕ ಅಡುಗೆ ಮೆನುವಿಗೆ ಬಂತು, ಸಿಗದ್ದು ಹೊರಗುಳಿಯಿತು. 1910ರ ದಶಕದಲ್ಲಿ ಹೆನ್ರಿ ಗ್ಯಾಂಟ್ ಎಂಬ ಅಮೆರಿಕದ ಎಂಜಿನಿಯರ್ ಕಾರ್ಖಾನೆಗಳ ಕೆಲಸಕ್ಕೆ ಬಳಕೆಗೆ ತಂದ ಪಟ್ಟಿನಕ್ಷೆಯೂ ಹೆಚ್ಚುಕಡಿಮೆ ಇಂಥದ್ದೇ. ಯಾವ ಯಂತ್ರ ಯಾವ ಹೊತ್ತಿನಲ್ಲಿ ಖಾಲಿ ಇದೆ ಅಂತ ಕಣ್ಣಿಗೆ ಕಾಣಬೇಕು. ಅಡುಗೆಮನೆಗೂ ಅದೇ ಬೇಕು.

ಯಾರಿಗೆ ಏನು ಆಗಲ್ಲ

ಮೆನು ಬರೆಯುವ ಮೊದಲೇ ಎಲ್ಲರಿಗೂ ಫೋನ್ ಮಾಡಿದೆ. "ತಿನ್ನದೇ ಇರೋದು ಏನಾದ್ರೂ ಇದೆಯಾ?" ಅಂತ ಸುಮ್ನೆ ಕೇಳಿದರೆ "ಏನಾದ್ರೂ ಪರವಾಗಿಲ್ಲ" ಅಂತಾರೆ. ಹೆಸರು ಹಿಡಿದೇ ಕೇಳಬೇಕು. ಯುರೋಪಿಯನ್ ಒಕ್ಕೂಟದ ಆಹಾರ ನಿಯಮದಲ್ಲಿ ಅಲರ್ಜಿ ತರುವ 14 ಪದಾರ್ಥಗಳ ಪಟ್ಟಿ ಇದೆ. ಹಾಲು, ಮೊಟ್ಟೆ, ಗೋಧಿಯಂಥ ಧಾನ್ಯ, ಕಡಲೆಕಾಯಿ, ಮರದ ಬೀಜಗಳು, ಸೋಯಾ, ಎಳ್ಳು, ಸಾಸಿವೆ, ಸೆಲೆರಿ, ಮೀನು ಇತ್ಯಾದಿ. ಅದನ್ನೇ ಪ್ರಶ್ನೆಪಟ್ಟಿ ಮಾಡಿಕೊಂಡೆ. ಒಬ್ಬರು ಮೊಟ್ಟೆ ತಿನ್ನಲ್ಲ, ಇನ್ನೊಬ್ಬರಿಗೆ ಎಳ್ಳು ಆಗಲ್ಲ, ಒಂದು ಮಗುವಿಗೆ ಖಾರ ಬೇಡ ಅಂತ ಗೊತ್ತಾಯಿತು.

ಎಳ್ಳಿನ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. "ಅವರ ತಟ್ಟೆಗೆ ಮಾತ್ರ ಹಾಕಲ್ಲ" ಅಂದರೆ ಸಾಲದು. ಸೌಟು ಒಂದರಿಂದ ಇನ್ನೊಂದಕ್ಕೆ ಹೋಗುತ್ತೆ, ಕೈ ಒರೆಸಿದ ಬಟ್ಟೆ ಎಲ್ಲ ಕಡೆ ಓಡಾಡುತ್ತೆ. ಆ ದಿನದ ಮಟ್ಟಿಗೆ ಎಳ್ಳು ಅಡುಗೆಮನೆಗೇ ಬೇಡ ಅಂತ ತೀರ್ಮಾನಿಸಿದೆ. ಬ್ರೆಡ್ಡನ್ನೂ ಕೈಬಿಟ್ಟೆ. ಬ್ರೆಡ್ಡಿನ ಮೇಲೆ ಎಳ್ಳು ಉದುರಿಸುವುದು ಸಾಮಾನ್ಯ, ಉದುರಿಸದ ಬ್ರೆಡ್ ಕೂಡ ಅದೇ ಟ್ರೇಯಲ್ಲಿ ಬೆಂದಿರಬಹುದು.

ಪಟ್ಟಿ ಹೇಗೆ ಬದಲಾಯಿತು

ಮನಸ್ಸಿಗೆ ಬಂದದ್ದನ್ನೆಲ್ಲ ಮೊದಲು ಬರೆದೆ: ಟೊಮೆಟೊ ಸೂಪ್, ಕಾಬೂಲಿ ಕಡಲೆ ಗ್ರೇವಿ, ಅನ್ನ, ಬಾಣಲೆಯಲ್ಲಿ ಕರಿದ ಆಲೂಗಡ್ಡೆ ಬಿಲ್ಲೆ, ಸೌತೆಕಾಯಿ ಸಲಾಡ್, ಮೊಟ್ಟೆ ಹಾಕಿದ ಕಸ್ಟರ್ಡ್. ಆಮೇಲೆ ಒಂದೊಂದರ ಮುಂದೆ ಬಣ್ಣ, ಹದ, ಮುಂಚೆ ಮಾಡಿಡಬಹುದಾ, ಕೊನೆಯಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಅಂತ ಗುರುತು ಹಾಕಿದೆ.

ಸೂಪೂ ಟೊಮೆಟೊ, ಗ್ರೇವಿಯೂ ಟೊಮೆಟೊ. ಎರಡೂ ಕೆಂಪು, ಎರಡೂ ಹುಳಿ. ಹಾಗಾಗಿ ಸೂಪಿಗೆ ಸಿಹಿ ಕುಂಬಳ ಬಂತು. ಕರಿಯುವ ಬಿಲ್ಲೆ ಬರ್ನರ್ ಹಿಡಿಯುತ್ತೆ, ನನ್ನನ್ನೂ ಹಿಡಿದು ನಿಲ್ಲಿಸುತ್ತೆ. ಎಂಟು ಜನಕ್ಕೆ ಬಿಲ್ಲೆ ಕರಿಯುತ್ತಾ ನಿಂತರೆ ಮೊದಲನೆಯದು ಆರಿರುತ್ತೆ, ಕೊನೆಯದು ಇನ್ನೂ ಎಣ್ಣೆಯಲ್ಲಿರುತ್ತೆ. ಅದರ ಜಾಗಕ್ಕೆ ಓವನ್‌ನಲ್ಲಿ ಹುರಿದ ಹೂಕೋಸು, ಕ್ಯಾರೆಟ್. ಒಳಗಿಟ್ಟರೆ ಅದರ ಪಾಡಿಗೆ ಅದು. ಮೊಟ್ಟೆ ಕಸ್ಟರ್ಡ್ ಹೋಗಿ ಕಾರ್ನ್‌ಫ್ಲೋರ್ ಹಾಕಿ ಗಟ್ಟಿ ಮಾಡಿದ ಹಾಲಿನ ಪುಡ್ಡಿಂಗ್ ಬಂತು. ಉಳಿದವಕ್ಕೆ ತೊಂದರೆ ಇರಲಿಲ್ಲ.

ಈಗ ಮೆತ್ತಗಿನದ್ದು ಸೂಪು, ಅನ್ನ, ಪುಡ್ಡಿಂಗ್. ಅಗಿಯುವುದಕ್ಕೆ ಅಂಚು ಗರಿಯಾದ ತರಕಾರಿ. ತಣ್ಣಗೆ ಕರುಮ್ ಅನ್ನುವುದಕ್ಕೆ ಸೌತೆಕಾಯಿ. ಖಾರವನ್ನು ಅಡುಗೆಗೆ ಹಾಕದೆ ಮೆಣಸಿನಪುಡಿಯನ್ನು ಬಿಸಿ ಎಣ್ಣೆಯಲ್ಲಿ ಕಲಸಿ ಸಣ್ಣ ಬಟ್ಟಲಲ್ಲಿ ಇಟ್ಟೆ. ಬೇಕಾದವರು ಮೇಲೆ ಹಾಕಿಕೊಳ್ಳಲಿ.

ಅಳತೆ

ತಲೆಗೆ ಇಷ್ಟು ಅಂತ ಹಿಡಿದೆ: ಸೂಪ್ 200 ಮಿ.ಲೀ., ಅಕ್ಕಿ 75 ಗ್ರಾಂ, ಒಣ ಕಡಲೆ 60 ಗ್ರಾಂ ಚಿಲ್ಲರೆ, ಹಸಿ ತರಕಾರಿ 200 ಗ್ರಾಂ, ಪುಡ್ಡಿಂಗ್ 120 ಮಿ.ಲೀ. ಹುರಿಯುವ ತರಕಾರಿಗೆ 200 ಗ್ರಾಂ ಜಾಸ್ತಿ ಅನ್ನಿಸಬಹುದು. ಆದರೆ ಓವನ್‌ನಲ್ಲಿ ನೀರೆಲ್ಲ ಆವಿಯಾಗಿ ತೂಕ ಮೂರರಲ್ಲಿ ಒಂದು ಪಾಲು ಇಳಿದುಬಿಡುತ್ತೆ. ಕಡಲೆ ತದ್ವಿರುದ್ಧ. ನೆಂದು ಬೆಂದ ಮೇಲೆ ತೂಕ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚೇ ಆಗುತ್ತೆ.

ಉಪ್ಪನ್ನು ಚಮಚದಲ್ಲಿ ಅಳೆಯಬೇಡಿ. ಹರಳುಪ್ಪಿನ ಒಂದು ಚಮಚಕ್ಕೂ ಪುಡಿಯುಪ್ಪಿನ ಒಂದು ಚಮಚಕ್ಕೂ ತೂಕ ಬೇರೆ. ಖಾಲಿ ಪಾತ್ರೆಯ ತೂಕ ಮೊದಲೇ ಬರೆದಿಟ್ಟುಕೊಂಡರೆ ಅಡುಗೆ ಆದ ಮೇಲೆ ಪಾತ್ರೆ ಸಮೇತ ತೂಗಿ ಒಳಗಿರುವುದು ಎಷ್ಟು ಅಂತ ತಿಳಿಯಬಹುದು. ಅದರ ನೂರಕ್ಕೆ 0.8 ಭಾಗ ಉಪ್ಪಿನಿಂದ ಶುರು ಮಾಡಿ, ರುಚಿ ನೋಡುತ್ತಾ 1ರ ಹತ್ತಿರ ಹೋಗುತ್ತೇನೆ. ಸೂಪಿನ ಪಾತ್ರೆಯಲ್ಲಿ 1.8 ಕಿಲೋ ಇತ್ತು. 14 ಗ್ರಾಂ ಉಪ್ಪು ಹಾಕಿದೆ, ಅಷ್ಟೇ ಸಾಕಾಯಿತು.

ಕಡಲೆ ಗ್ರೇವಿ

ಈ ಊಟದ ಬೆನ್ನೆಲುಬು ಇದು. ಹಿಂದಿನ ದಿನ ಮಾಡಿಟ್ಟರೆ ಇನ್ನೂ ರುಚಿ.

500 ಗ್ರಾಂ ಕಡಲೆಯನ್ನು 2 ಲೀಟರ್ ನೀರಿನಲ್ಲಿ, ಲೀಟರಿಗೆ 15 ಗ್ರಾಂ ಉಪ್ಪು ಹಾಕಿ, ರಾತ್ರಿಯಿಡೀ ನೆನೆಸಿದೆ. ಉಪ್ಪು ಹಾಕಿದರೆ ಕಾಳು ಬೇಯಲ್ಲ ಅನ್ನುವ ಮಾತು ಎಲ್ಲ ಅಡುಗೆಮನೆಯಲ್ಲೂ ಓಡಾಡುತ್ತೆ. ನಿಜ ಬೇರೆಯೇ ಇದೆ. ಸಿಪ್ಪೆಯನ್ನು ಬಿಗಿಯಾಗಿ ಹಿಡಿದಿರುವುದು ಪೆಕ್ಟಿನ್ ಅನ್ನುವ ಅಂಟಿನಂಥ ಪದಾರ್ಥ, ಆ ಪೆಕ್ಟಿನ್ನನ್ನು ಗಟ್ಟಿ ಮಾಡುವುದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಉಪ್ಪಿನ ಸೋಡಿಯಂ ಅವುಗಳ ಜಾಗ ಹಿಡಿದಾಗ ಸಿಪ್ಪೆ ಮೆತ್ತಗಾಗುತ್ತೆ. ಬೆಂದ ಕಾಳನ್ನು ಎರಡು ಬೆರಳ ನಡುವೆ ಒತ್ತಿ ನೋಡಿ. ಉಪ್ಪು ನೀರಲ್ಲಿ ನೆಂದ ಕಡಲೆಯ ಸಿಪ್ಪೆ ಕಾಳಿನ ಜೊತೆಯೇ ಬೆಣ್ಣೆ ಹಾಗೆ ಹಿಸುಕಿಹೋಗುತ್ತೆ. ಬರೀ ನೀರಲ್ಲಿ ನೆಂದದ್ದರ ಸಿಪ್ಪೆ ಜಾರಿ ಬೆರಳಿಗೆ ಅಂಟುತ್ತೆ.

ಕಾಳು ನಿಜಕ್ಕೂ ಬೇಯದೆ ಸತಾಯಿಸುವುದು ಹುಳಿ ಇದ್ದಾಗ, ನೀರು ಗಡಸಾಗಿದ್ದಾಗ. ಆದ್ದರಿಂದ ಕಡಲೆ ಪೂರ್ತಿ ಮೆತ್ತಗಾಗುವವರೆಗೆ ಟೊಮೆಟೊ ಹತ್ತಿರಕ್ಕೂ ಬರಬಾರದು. ನೆಂದ ನೀರು ಚೆಲ್ಲಿ, ಹೊಸ ನೀರು ಹಾಕಿ, ಕುಕ್ಕರ್‌ನಲ್ಲಿ ಪ್ರೆಶರ್ ಬಂದ ಮೇಲೆ ಸಣ್ಣ ಉರಿಯಲ್ಲಿ 15 ನಿಮಿಷ ಬೇಯಿಸಿದೆ. ಪ್ರೆಶರ್ ತಾನಾಗೇ ಇಳಿಯಲು ಬಿಟ್ಟೆ. ಕಾಳು ಬೇಯಿಸುವಾಗ ಕುಕ್ಕರ್ ಅರ್ಧಕ್ಕಿಂತ ಜಾಸ್ತಿ ತುಂಬಬಾರದು, ನೊರೆ ಎದ್ದು ವೆಂಟ್ ಕಟ್ಟಿಕೊಳ್ಳುತ್ತೆ.

ಕಡಲೆ ಬದಲು ರಾಜ್ಮಾ ಹಾಕುವವರು ಇದನ್ನು ಓದಲೇಬೇಕು. ಹಸಿ ರಾಜ್ಮಾದಲ್ಲಿ ಹೊಟ್ಟೆ ಕೆಡಿಸುವ ಲೆಕ್ಟಿನ್ ಇರುತ್ತೆ. ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಲೇಬೇಕು. ಸ್ಲೋ ಕುಕ್ಕರ್‌ನ ಸಣ್ಣ ಬಿಸಿಯಲ್ಲಿ ಆ ವಿಷ ಸಾಯುವುದಿಲ್ಲ.

ಈರುಳ್ಳಿ 500 ಗ್ರಾಂ, ಎಣ್ಣೆ 60 ಮಿ.ಲೀ. ನಾಲ್ಕು ಜನದ ಅಡುಗೆಗೆ ಈರುಳ್ಳಿ ಕೆಂಪಗಾಗಲು ಹಿಡಿಯುವ ಹೊತ್ತು ಎಂಟು ಜನಕ್ಕೆ ಸಾಲುವುದಿಲ್ಲ. ಈರುಳ್ಳಿ ಎರಡು ಪಟ್ಟಾದರೆ ಒಳಗಿನ ನೀರೂ ಎರಡು ಪಟ್ಟು, ಆದರೆ ಬಾಣಲೆಯ ಬಾಯಿ ಅಷ್ಟೇ ಅಗಲ. ನೀರು ಹೋಗದೆ ಬಣ್ಣ ಬರಲ್ಲ. ಮನೆಯಲ್ಲಿರುವ ಅತಿ ಅಗಲದ ಪಾತ್ರೆ ತೆಗೆದುಕೊಂಡೆ, ಆದರೂ 40 ನಿಮಿಷ ಬೇಕಾಯಿತು. ಆಮೇಲೆ 5 ಎಸಳು ಬೆಳ್ಳುಳ್ಳಿ, 2 ಟೀ ಚಮಚ ಹುರಿದ ಜೀರಿಗೆ ಪುಡಿ, 600 ಗ್ರಾಂ ಹೆಚ್ಚಿದ ಟೊಮೆಟೊ. ಎಣ್ಣೆ ಅಂಚಿಗೆ ಬಿಡುವವರೆಗೆ ಬಾಡಿಸಿ, ಕಡಲೆ, ಅದು ಬೆಂದ ನೀರು ಎರಡು ಲೋಟ ಹಾಕಿ 20 ನಿಮಿಷ ಕುದಿಸಿದೆ. ಒಂದು ಸೌಟು ಕಡಲೆ ಮಸೆದು ಹಾಕಿದರೆ ಗ್ರೇವಿ ಹದಕ್ಕೆ ಬರುತ್ತೆ. ಮರುದಿನ ಇನ್ನಷ್ಟು ಗಟ್ಟಿಯಾಗಿರುತ್ತೆ, ಬಿಸಿ ಮಾಡುವಾಗ ಅರ್ಧ ಲೋಟ ನೀರು ಬೇಕು.

ತರಕಾರಿ ಟ್ರೇ

ಹೂಕೋಸು 800 ಗ್ರಾಂ, ಕ್ಯಾರೆಟ್ 800 ಗ್ರಾಂ. ಇದನ್ನು ಊಟದ ದಿನಕ್ಕೆ ಬಿಡದೆ ಮೊದಲೇ ಪರೀಕ್ಷೆ ಮಾಡಿದೆ. ಒಂದು ಟ್ರೇಯಲ್ಲಿ ತರಕಾರಿ ಒತ್ತೊತ್ತಾಗಿ ತುಂಬಿ, ಇನ್ನೊಂದು ಸಲ ಅರ್ಧ ಮಾತ್ರ ಹರಡಿ, 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟು ನೋಡಿದೆ.

25 ನಿಮಿಷಕ್ಕೆ ತೆಗೆದಾಗ ಒತ್ತಾಗಿ ತುಂಬಿದ ಟ್ರೇಯ ತಳದಲ್ಲಿ ನೀರು ನಿಂತಿತ್ತು. ಹೂಕೋಸು ಬೆಂದಿತ್ತು, ಆದರೆ ಬಿಳಚಿಕೊಂಡು, ಬೇಯಿಸಿದ ತರಕಾರಿಯ ವಾಸನೆ. ಬಿಡಿಯಾಗಿ ಹರಡಿದ್ದರಲ್ಲಿ ಟ್ರೇಗೆ ತಾಗಿದ ಕಡೆ ಕಂದು ಕಲೆ ಬಿದ್ದಿತ್ತು, ಸೌಟಿನಿಂದ ಎತ್ತಿದರೆ ಟಕ್ ಅಂತ ಬಿಟ್ಟುಕೊಳ್ಳುತ್ತಿತ್ತು. ಮೇಲ್ಮೈ ಒದ್ದೆ ಇರುವವರೆಗೆ ಅದರ ಬಿಸಿ 100 ಡಿಗ್ರಿ ದಾಟುವುದಿಲ್ಲ. ಕಂದು ಬಣ್ಣ, ಆ ಘಮ ಬರುವುದು ಸಕ್ಕರೆ ಮತ್ತು ಅಮೈನೋ ಆಮ್ಲಗಳು ಸೇರಿದಾಗ. ಲೂಯಿ ಕಮಿಲ್ ಮಯಾರ್ ಎಂಬ ಫ್ರೆಂಚ್ ವಿಜ್ಞಾನಿ 1912ರಲ್ಲಿ ಇದನ್ನು ವಿವರಿಸಿದ. 140 ಡಿಗ್ರಿಯ ಆಸುಪಾಸಿಗೆ ಬಂದ ಮೇಲೆ ಅದು ಚುರುಕಾಗುತ್ತೆ. ಒತ್ತಾಗಿ ತುಂಬಿದರೆ ಆವಿಗೆ ಹೊರಗೆ ಹೋಗಲು ದಾರಿಯೇ ಇಲ್ಲ.

ಹಾಗಾಗಿ ಎರಡು ಟ್ರೇ, ತುಂಡುಗಳ ನಡುವೆ ಬೆರಳಿನಷ್ಟು ಜಾಗ. ತೊಳೆದ ತರಕಾರಿಯನ್ನು ಬಟ್ಟೆಯ ಮೇಲೆ ಹರಡಿ ಪೂರ್ತಿ ಒರೆಸಿದೆ. ಕ್ಯಾರೆಟ್ಟನ್ನು 2 ಸೆಂ.ಮೀ. ದಪ್ಪಕ್ಕೆ, ಹೂಕೋಸನ್ನು ಒಂದು ಕಡೆ ಚಪ್ಪಟೆಯಾಗಿರುವಂತೆ ಕತ್ತರಿಸಿದೆ. ಚಪ್ಪಟೆ ಭಾಗ ಕೆಳಗೆ. ಎರಡು ಟ್ರೇ ಒಟ್ಟಿಗೆ ಇಟ್ಟಾಗ 35 ನಿಮಿಷದ ಕೆಲಸ 45 ಆಗುತ್ತೆ, 20 ನಿಮಿಷಕ್ಕೆ ಮೇಲಿನದ್ದು ಕೆಳಗೆ, ಕೆಳಗಿನದ್ದು ಮೇಲೆ ಬದಲಾಯಿಸಬೇಕು. ಓವನ್ ಒಳಗೊಂದು ಥರ್ಮಾಮೀಟರ್ ಇಟ್ಟು ನೋಡುವುದು ಒಳ್ಳೆಯದು. ನನ್ನದರ ತಿರುಗಣೆ 220ರಲ್ಲಿದ್ದಾಗ ಒಳಗೆ 205 ಇರುತ್ತೆ, ಆದ್ದರಿಂದ ಒಂದು ಗೆರೆ ಮುಂದಕ್ಕೆ ತಿರುಗಿಸುತ್ತೇನೆ.

ಅನ್ನ

ಅಕ್ಕಿ ಮೂರು ಪಟ್ಟಾದರೆ ನೀರೂ ಮೂರು ಪಟ್ಟು ಅಂತ ಲೆಕ್ಕ ಹಾಕಿದರೆ ಅನ್ನ ಮುದ್ದೆಯಾಗುತ್ತೆ. ಒಂದು ಲೋಟ ಅಕ್ಕಿ ಹೀರುವುದು ಸುಮಾರು ಒಂದು ಲೋಟ ನೀರು. ಉಳಿದ ಮುಕ್ಕಾಲು ಲೋಟ ಆವಿಯಾಗಿ ಹೋಗುತ್ತೆ. ಅದೇ ಪಾತ್ರೆ, ಅದೇ ಮುಚ್ಚಳ, ಅಷ್ಟೇ ಹೊತ್ತು ಅಂದರೆ ಆವಿಯಾಗುವ ನೀರೂ ಹೆಚ್ಚುಕಡಿಮೆ ಅಷ್ಟೇ. 600 ಗ್ರಾಂ ಅಂದರೆ ನನ್ನ ಲೋಟದಲ್ಲಿ ಮೂರು ಲೋಟ ಅಕ್ಕಿ. ನೀರು ಐದೂಕಾಲು ಲೋಟ ಅಲ್ಲ, ನಾಲ್ಕು ಲೋಟ ಸಾಕು. ಉದುರುದುರಾಗಿ ಬಂತು. ಮೆತ್ತಗೆ ಬೇಕಾದವರು ಇನ್ನರ್ಧ ಲೋಟ ಸೇರಿಸಿಕೊಳ್ಳಿ. ಒಲೆ ಆರಿಸಿದ ಮೇಲೆ ಮುಚ್ಚಳ ತೆಗೆಯದೆ 15 ನಿಮಿಷ ಬಿಡಬೇಕು. ದಪ್ಪ ತಳದ ಪಾತ್ರೆಯಾದರೆ ಅರ್ಧ ಗಂಟೆ ಬಿಸಿಯಾಗಿಯೇ ಇರುತ್ತೆ.

ಅನ್ನವನ್ನು ಮಾತ್ರ ಮುಂಚೆ ಮಾಡಿಡಲಿಲ್ಲ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು, ಬೇಯಿಸಿದರೂ ಅದು ಉಳಿಯುತ್ತೆ. ಬೆಂದ ಅನ್ನವನ್ನು ಹೊರಗೆ ಬಿಟ್ಟರೆ ಅದು ಬೆಳೆದು ವಿಷ ಬಿಡುತ್ತೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗಲ್ಲ.

ಪುಡ್ಡಿಂಗ್, ಸೂಪ್, ಸಲಾಡ್

ಪುಡ್ಡಿಂಗ್‌ಗೆ ಕಾಲು ಲೀಟರ್ ಹಾಲಿನಲ್ಲಿ 10, 15, 20 ಗ್ರಾಂ ಕಾರ್ನ್‌ಫ್ಲೋರ್ ಹಾಕಿ ಬೇರೆ ಬೇರೆ ಮಾಡಿ ನೋಡಿದೆ. 10 ಗ್ರಾಮಿನದು ತಣ್ಣಗಾದ ಮೇಲೂ ಸುರಿಯುತ್ತಿತ್ತು. 20ರದ್ದು ಬಟ್ಟಲು ಬೋರಲು ಹಾಕಿದರೆ ಆಕಾರ ಬಿಡದೆ ನಿಲ್ಲುತ್ತಿತ್ತು, ಆದರೆ ನಾಲಿಗೆಗೆ ಒರಟು. 15ರದ್ದು ಚಮಚದಲ್ಲಿ ನಿಲ್ಲುತ್ತೆ, ಬಾಯಲ್ಲಿ ಕರಗುತ್ತೆ. ಅದೇ ಲೆಕ್ಕದಲ್ಲಿ 1 ಲೀಟರಿಗೆ 60 ಗ್ರಾಂ, ಸಕ್ಕರೆ 90 ಗ್ರಾಂ, ಸ್ವಲ್ಪ ವೆನಿಲ್ಲಾ. ಕಾರ್ನ್‌ಫ್ಲೋರನ್ನು ತಣ್ಣನೆ ಹಾಲಿನಲ್ಲೇ ಗಂಟಿಲ್ಲದಂತೆ ಕಲಸಿ, ಕೈ ಬಿಡದೆ ತಿರುವುತ್ತಾ ಕುದಿ ಬರಿಸಿ, ಕುದಿ ಬಂದ ಮೇಲೆ ಇನ್ನೊಂದು ನಿಮಿಷ. ಸಿಹಿಯನ್ನು ಬಿಸಿಯಲ್ಲಿ ನೋಡಿ ನಿರ್ಧರಿಸಬಾರದು. ತಣ್ಣಗಾದಾಗ ನಾಲಿಗೆಗೆ ಸಿಹಿ ಕಮ್ಮಿ ಅನ್ನಿಸುತ್ತೆ. ಒಂದು ಚಮಚ ತಟ್ಟೆಗೆ ಹಾಕಿ ಫ್ರಿಜ್ಜಿನಲ್ಲಿಟ್ಟು ರುಚಿ ನೋಡಿದೆ. ಇದನ್ನು ಹಿಂದಿನ ರಾತ್ರಿಗಿಂತ ಮುಂಚೆ ಮಾಡುವುದು ಬೇಡ, ಜಾಸ್ತಿ ದಿನ ಇಟ್ಟರೆ ನೀರು ಬಿಟ್ಟುಕೊಳ್ಳುತ್ತೆ. ಕಿತ್ತಳೆ ತೊಳೆಯನ್ನು ಬಡಿಸುವಾಗ ಮೇಲಿಟ್ಟರೆ ಸಾಕು.

ಸೂಪು ಸರಳ. 1.2 ಕಿಲೋ ಕುಂಬಳದಲ್ಲಿ ಅರ್ಧ ಓವನ್‌ನಲ್ಲಿ ಹುರಿದದ್ದು, ಅರ್ಧ ಈರುಳ್ಳಿ ಜೊತೆ ಬೇಯಿಸಿದ್ದು. ಬಿಸಿಯಾಗಿರುವಾಗ ಮಿಕ್ಸಿ ಜಾರ್ ಅರ್ಧಕ್ಕಿಂತ ಮೇಲೆ ತುಂಬಬೇಡಿ, ಆವಿ ಮುಚ್ಚಳವನ್ನೇ ಎತ್ತಿ ಎಸೆಯುತ್ತೆ. ಸೌತೆಕಾಯಿಗೆ ಉಪ್ಪು ಬಿದ್ದರೆ ನೀರು ಬಿಡುತ್ತೆ. ಹೆಚ್ಚಿಟ್ಟು, ಉಪ್ಪು ಬೆರೆಸಿದ ಮೊಸರನ್ನು ಕೊನೆಯಲ್ಲಿ ಹಾಕಿದೆ.

ತಣಿಸುವುದು

ಮುಂಚೆ ಮಾಡಿಡುವ ಮೆನು ಅಂದರೆ ಫ್ರಿಜ್ಜಿನಲ್ಲಿ ಜಾಗ ಬೇಕು. ದೊಡ್ಡ ಪಾತ್ರೆ ಗ್ರೇವಿಯನ್ನು ಮುಚ್ಚಿ ಹಾಗೇ ಇಟ್ಟರೆ ನಡುವಿನ ಬಿಸಿ ಗಂಟೆಗಟ್ಟಲೆ ಆರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಸರಳವಾಗಿದೆ: ಬೆಂದ ಆಹಾರ ಹೊರಗೆ 2 ಗಂಟೆಗಿಂತ ಹೆಚ್ಚು ಇರಬಾರದು, ಫ್ರಿಜ್ 5 ಡಿಗ್ರಿಗಿಂತ ಕೆಳಗಿರಬೇಕು, ಬಡಿಸುವವರೆಗೆ ಬಿಸಿ ಅಡುಗೆ 60 ಡಿಗ್ರಿಗಿಂತ ಮೇಲಿರಬೇಕು. ಗ್ರೇವಿಯನ್ನು ಎರಡು ಅಗಲದ ಡಬ್ಬಿಗೆ ನಾಲ್ಕೈದು ಸೆಂ.ಮೀ. ಆಳಕ್ಕೆ ಸುರಿದು, ಸಿಂಕಿನಲ್ಲಿ ತಣ್ಣೀರು ತುಂಬಿ ಅದರಲ್ಲಿ ಇಟ್ಟು, ಆಗಾಗ ತಿರುವಿದೆ. ಬೇಗ ಆರಿತು, ಫ್ರಿಜ್ಜಿಗೆ ಹೋಯಿತು.

ಅದೇ ಸಂಜೆ ಬಡಿಸುವ ಖಾಲಿ ಪಾತ್ರೆಗಳನ್ನೆಲ್ಲ ಮೇಜಿನ ಮೇಲೆ ಜೋಡಿಸಿ ಒಂದೊಂದರಲ್ಲಿ ಅಡುಗೆಯ ಹೆಸರು ಬರೆದ ಚೀಟಿ, ಒಂದು ಸೌಟು ಇಟ್ಟೆ. ಸೂಪಿನ ಬಟ್ಟಲು ಏಳೇ ಇವೆ ಅಂತ ಆಗಲೇ ಗೊತ್ತಾಯಿತು. ಪಕ್ಕದ ಮನೆಯಿಂದ ಒಂದು ತರಲು ಬೇಕಾದಷ್ಟು ಹೊತ್ತಿತ್ತು.

ಆ ಸಂಜೆ

ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಚೀಟಿ ಹೀಗಿತ್ತು:

6:50 – ಓವನ್ ಹಚ್ಚು
7:20 – ಎಡ ಬರ್ನರ್, ಅನ್ನ
7:25 – ಟ್ರೇಗಳು ಒಳಗೆ
7:30 – ಬಲ ಬರ್ನರ್, ಗ್ರೇವಿ, ಸಣ್ಣ ಉರಿ, ನಡುವೆ ಕುದಿ ಬರಲಿ
7:40 – ಅನ್ನ ಇಳಿಸು, ಮುಚ್ಚಿಡು. ಅದೇ ಬರ್ನರ್‌ಗೆ ಸೂಪ್
7:45 – ಟ್ರೇ ಮೇಲೆ ಕೆಳಗೆ
8:00 – ಸೂಪ್ ಮೇಜಿಗೆ
8:10 – ತರಕಾರಿ ಹೊರಗೆ, ಸೌತೆಕಾಯಿಗೆ ಮೊಸರು

ಈ ಮೆನುವಿನಲ್ಲಿ ಸೂಪಿನ ಕೆಲಸ ಹಸಿವು ಹೆಚ್ಚಿಸುವುದಷ್ಟೇ ಅಲ್ಲ, ನನಗೆ ಹದಿನೈದು ನಿಮಿಷ ಉಳಿಸಿಕೊಡುವುದೂ ಹೌದು. ಎಲ್ಲರೂ ಸೂಪು ಕುಡಿಯುವಾಗ ತರಕಾರಿ ಬಣ್ಣ ತಿರುಗುತ್ತಿರುತ್ತೆ, ಅನ್ನ ಮುಚ್ಚಳದೊಳಗೆ ಹದವಾಗುತ್ತಿರುತ್ತೆ, ನಾನೂ ಕೂತಿರುತ್ತೇನೆ.

ಏಳು ದಾಟಿದ ಮೇಲೆ ಫೋನ್ ಬಂತು. "ಅಕ್ಕಾ, ಇನ್ನೂ ದಾರೀಲಿದೀವಿ, ಇಪ್ಪತ್ತು ನಿಮಿಷ ಲೇಟಾಗುತ್ತೆ." "ಬನ್ನಿ ನಿಧಾನವಾಗಿ, ಏನೂ ಕೆಡಲ್ಲ" ಅಂದೆ. ನಿಜವಾಗಿಯೂ ಕೆಡುವಂಥದ್ದು ಒಂದೇ ಇತ್ತು, ತರಕಾರಿ. ಹುರಿದು ಕಾದರೆ ಅದು ಮೆತ್ತಗಾಗುತ್ತೆ. ಟ್ರೇ ಒಳಗಿಡುವ ಹೊತ್ತನ್ನೂ ಅನ್ನವನ್ನೂ ಇಪ್ಪತ್ತು ನಿಮಿಷ ಮುಂದೂಡಿದೆ. ಗ್ರೇವಿ, ಸೂಪು, ಪುಡ್ಡಿಂಗ್‌ಗೆ ಕಾಯುವುದು ಗೊತ್ತು.

ಎಂಟೂಕಾಲು ದಾಟಿದಾಗ ಸೂಪ್ ಮೇಜಿಗೆ ಬಂತು. ಎಂಟೂವರೆಗೆ ಓವನ್ ಬಾಗಿಲು ತೆಗೆದಾಗ ಬಂದ ಘಮಕ್ಕೆ ಆ ಮಗು ಓಡಿ ಬಂದು ಇಣುಕಿತು. ಅಂಚು ಗರಿಯಾದ ಹೂಕೋಸನ್ನೇ ಮೊದಲು ಆರಿಸಿಕೊಂಡದ್ದೂ ಅದೇ.

ಮುಂದಿನ ಸಲಕ್ಕೆ ಬರೆದಿಟ್ಟದ್ದು

ಅನ್ನ ಸುಮಾರು ಒಂದೂವರೆ ಪಾಲು ಉಳಿಯಿತು. ಗ್ರೇವಿ, ತರಕಾರಿ ಎರಡೂ ಇರುವಾಗ ತಲೆಗೆ 60 ಗ್ರಾಂ ಅಕ್ಕಿ ಸಾಕು. ಮಿಕ್ಕ ಅನ್ನವನ್ನು ತಟ್ಟೆಯಲ್ಲಿ ಹರಡಿ ಆರಿಸಿ, ಆ ರಾತ್ರಿಯೇ ಫ್ರಿಜ್ಜಿಗೆ ಹಾಕಿದೆ. ತರಕಾರಿ ಒಂದು ತುಂಡೂ ಉಳಿಯಲಿಲ್ಲ, ಇನ್ನೊಂದು 300 ಗ್ರಾಂ ಇದ್ದರೂ ಖರ್ಚಾಗುತ್ತಿತ್ತು. ಆದರೆ ನನ್ನ ಟ್ರೇಗಳಲ್ಲಿ ಅಷ್ಟು ಜಾಗ ಇಲ್ಲ. ಅದಕ್ಕೇ ಮುಂದಿನ ಸಲ ಕ್ಯಾರೆಟ್ಟನ್ನು ಒಲೆ ಮೇಲೆ ಬೆಣ್ಣೆಯಲ್ಲಿ ಬಾಡಿಸಿ, ಎರಡೂ ಟ್ರೇಗೆ ಹೂಕೋಸನ್ನೇ ಹಾಕುವ ಯೋಚನೆ ಇದೆ. ಗ್ರೇವಿಯನ್ನು 7:20ಕ್ಕೇ ಬಿಸಿ ಮಾಡಿ ಇಳಿಸಿದರೆ ಬಲ ಬರ್ನರ್ ಅದಕ್ಕೆ ಸಿಗುತ್ತೆ.